ಪದಚರ್ಚೆ: ‘ಹಗಲು ಚಿಕ್ಕದು’, ‘ಹೊತ್ತು ಬೇಗ ಕಂತುತ್ತದೆ’ – ಎರಡೂ ಒಂದೇ ಮಾತೇ?

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಭಾಗಮಂಡಲದ ಕಡೆಯವಳು. ಏಳನೆಯ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ವರ್ಷದುದ್ದಕ್ಕೂ ಹಗಲು ಹೇಗೆ ಹಿಗ್ಗಿ ಕುಗ್ಗುತ್ತದೆ ಎಂಬ ಪಾಠಕ್ಕೆ ಮಕ್ಕಳಿಂದ ಗೋಡೆಪಟ ಬರೆಸುವಾಗ ಕೆಲವು ಪದಗಳಲ್ಲಿ ತೊಡಕಿಕೊಂಡಿದ್ದೇನೆ. ಬಲ್ಲವರು ಬಿಡಿಸಿ ಹೇಳಬೇಕು.

‘ಡಿಸೆಂಬರಿನಲ್ಲಿ ದಿನ ಚಿಕ್ಕದು’ ಎಂದು ಹುಡುಗನೊಬ್ಬ ಬರೆದ. ಹಾಗಾದರೆ ಆ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಇಲ್ಲವೇ ಎಂದು ಪಕ್ಕದಲ್ಲಿದ್ದ ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ‘ದಿನ’ ಹೊಡೆದು ‘ಹಗಲು’ ಎಂದು ತಿದ್ದಿಸಿದೆ. ಆದರೆ ಸೂರ್ಯ ಹುಟ್ಟಿದಲ್ಲಿಂದ ಮುಳುಗುವವರೆಗಿನ ಅವಧಿಗೆ ಒಂದೇ ಪದ ಬೇಕಾದಾಗ ಏನು ಬರೆಯುವುದು? ಪಂಚಾಂಗದವರು ‘ದಿನಮಾನ’ ಎನ್ನುತ್ತಾರೆ. ಆ ಪದ ಓದಿದ ಕೂಡಲೇ ಹೆಚ್ಚಿನವರಿಗೆ ‘ಇಂದಿನ ದಿನಮಾನದಲ್ಲಿ’ ಎಂಬ ಮಾತೇ ನೆನಪಾಗುತ್ತದೆ. ಅಲ್ಲಿ ಅದರ ಅರ್ಥ ಕಾಲ, ಪರಿಸ್ಥಿತಿ. ಸದ್ಯಕ್ಕೆ ನಾನು ‘ಹಗಲಳತೆ’ ಎಂದು ಬರೆಸಿದ್ದೇನೆ. ಮಡಿಕೇರಿಯ ಹಗಲಳತೆ ಜೂನ್ 21ರ ಸುಮಾರಿಗೆ 12 ಗಂಟೆ 51 ನಿಮಿಷ, ಡಿಸೆಂಬರ್ 21ರ ಸುಮಾರಿಗೆ 11 ಗಂಟೆ 23 ನಿಮಿಷ. ಘಳಿಗೆಯಲ್ಲಿ (ಒಂದು ಘಳಿಗೆಗೆ 24 ನಿಮಿಷ) ಹೇಳುವುದಾದರೆ 32ಕ್ಕೆ ತುಸು ಮೇಲೆ ಮತ್ತು ಸುಮಾರು ಇಪ್ಪತ್ತೆಂಟೂವರೆ. ಭೂಮಧ್ಯರೇಖೆಗೆ ಹತ್ತಿರವಿರುವ ನಮಗೆ ವರ್ಷವಿಡೀ ಸೇರಿ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ.

ನನ್ನ ನಿಜವಾದ ಪ್ರಶ್ನೆ ‘ಹೊತ್ತು’ ಎಂಬ ಪದದ ಬಗ್ಗೆ.

ನಮ್ಮದು ಅರೆಭಾಷೆ ಆಡುವ ಮನೆ. ಸೂರ್ಯ ಮುಳುಗುವುದಕ್ಕೆ ನಾವು ಹೊತ್ತು ಕಂತುವುದು ಎನ್ನುತ್ತೇವೆ. ಕಾಫಿ ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ಚೀಲಗಳನ್ನು ತೂಗುವುದು ಅವ್ವನ ಕೆಲಸ. ಕಣದ ಅಂಚಿನ ಹಲಸಿನ ಮರದ ಕೊಂಬೆಗೆ ತಕ್ಕಡಿ ತೂಗುಹಾಕಿರುತ್ತದೆ. ನವೆಂಬರ್ ಕೊನೆಯಲ್ಲಿ ಅದರ ಮುಳ್ಳು ಯಾವ ಗೆರೆಯ ಮೇಲೆ ನಿಂತಿದೆ ಎಂದು ನೋಡಲು ಅವ್ವ ಟಾರ್ಚ್ ಹಿಡಿಯಬೇಕಾಗುತ್ತದೆ. ಕ್ರಿಸ್‌ಮಸ್ ಹತ್ತಿರ ಬಂದಾಗ, ಅದೇ ಗಂಟೆಗೆ ಟಾರ್ಚ್ ಇಲ್ಲದೆಯೇ ಓದುತ್ತಾರೆ. ಹುತ್ತರಿ ಎಂದರೆ ನವೆಂಬರ್–ಡಿಸೆಂಬರಿನಲ್ಲಿ ಬರುವ ನಮ್ಮ ಸುಗ್ಗಿಹಬ್ಬ. ‘ಹುತ್ತರಿ ಕಳೆಯಿತಲ್ಲ, ಇನ್ನು ಹೊತ್ತು ಕಂತುವುದು ತಡವಾಗುತ್ತಾ ಹೋಗುತ್ತದೆ’ ಎಂದು ಅವ್ವ ಹೇಳಿದಾಗ ನಾನು ಪುಸ್ತಕ ತೋರಿಸಿ ತಿದ್ದಲು ಹೋದೆ. ಹಗಲು ಕುಗ್ಗುವುದು ಡಿಸೆಂಬರ್ 21ರವರೆಗೆ, ಹುತ್ತರಿಗೇ ಅದು ಹೇಗೆ ನಿಲ್ಲುತ್ತದೆ ಎಂದು ವಾದಿಸಿದೆ.

ಆಮೇಲೆ ಸೂರ್ಯೋದಯ, ಸೂರ್ಯಾಸ್ತದ ಲೆಕ್ಕ ಹಾಕಿ ನೋಡಿದರೆ ಅವ್ವನ ಮಾತೇ ಸರಿ. ಮಡಿಕೇರಿಯಲ್ಲಿ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವುದು ನವೆಂಬರ್ ಮೂರನೆಯ ವಾರದ ಆಸುಪಾಸಿನಲ್ಲಿ, ಸುಮಾರು 5 ಗಂಟೆ 58 ನಿಮಿಷಕ್ಕೆ. ಡಿಸೆಂಬರ್ 21ರಂದು 6 ಗಂಟೆ 7 ನಿಮಿಷ. ಅತಿ ಚಿಕ್ಕ ಹಗಲು ಬರುವ ಹೊತ್ತಿಗೆ ಸಂಜೆ ಆಗಲೇ ಒಂಬತ್ತು ನಿಮಿಷ ಬೆಳೆದಿರುತ್ತದೆ! ಬೆಳಗು ಮಾತ್ರ ಇನ್ನೂ ತಡವಾಗುತ್ತಲೇ ಇರುತ್ತದೆ. ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿಯ ಕೊನೆಯ ಭಾಗದಲ್ಲಿ, 6 ಗಂಟೆ 53 ನಿಮಿಷದ ಸುಮಾರಿಗೆ. ಇವೆಲ್ಲ ಗುಡ್ಡದ ಮರೆ ಇಲ್ಲದ ಬಯಲಿನ ಲೆಕ್ಕ.

ಹೀಗಾಗುವುದು ನಡುಹಗಲೇ, ಎಂದರೆ ಸೂರ್ಯ ಅತಿ ಎತ್ತರಕ್ಕೇರುವ ಗಳಿಗೆಯೇ, ಸರಿಯುವುದರಿಂದ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿದ್ದು ವೇಗವಾಗಿ ಓಡುತ್ತದೆ; ಅದರ ಅಕ್ಷವೂ ಓರೆಯಾಗಿದೆ. ಎರಡೂ ಸೇರಿ ಒಂದು ನಡುಹಗಲಿನಿಂದ ಇನ್ನೊಂದು ನಡುಹಗಲಿಗೆ 24 ಗಂಟೆಯ ಮೇಲೆ ಸುಮಾರು ಅರ್ಧ ನಿಮಿಷದವರೆಗೂ ಹೆಚ್ಚು ಹಿಡಿಯುತ್ತದೆ. ಮಡಿಕೇರಿಯ ನಡುಹಗಲು ನವೆಂಬರ್ 21ಕ್ಕೆ ಗಡಿಯಾರದಲ್ಲಿ 12 ಗಂಟೆ 13 ನಿಮಿಷ, ಡಿಸೆಂಬರ್ 21ಕ್ಕೆ 12 ಗಂಟೆ 25, ಜನವರಿ 25ಕ್ಕೆ 12 ಗಂಟೆ 39. ಎಂದರೆ ಹಗಲು ಕುಗ್ಗುವುದರ ಜೊತೆಗೇ ಇಡಿಯಾಗಿ ಮುಂದಕ್ಕೆ ಸರಿಯುತ್ತದೆ. ಬಹಳ ಉತ್ತರದ ದೇಶಗಳಲ್ಲಿ ಕುಗ್ಗುವಿಕೆಯೇ ಜೋರಾದ್ದರಿಂದ ಈ ಸರಿತ ಕಣ್ಣಿಗೆ ಬೀಳುವುದು ಕಡಿಮೆ. ನಮ್ಮಲ್ಲಿ ಅದು ತಕ್ಕಡಿಯ ಮುಳ್ಳಿನ ಮೇಲೆಯೇ ಕಾಣುತ್ತದೆ.

ಅವ್ವ ಹಗಲಿನ ಉದ್ದದ ಮಾತನ್ನೇ ಎತ್ತಿರಲಿಲ್ಲ. ಹೊತ್ತು ಕಂತುವ ಗಳಿಗೆಯನ್ನು ಹೇಳಿದ್ದರು. ಹಳಗನ್ನಡದ ‘ಪೊೞ್ತು’ ಹೊತ್ತಾಗಿದೆ. ಸೂರ್ಯನಿಗೂ ಅದೇ ಪದ, ಸಮಯಕ್ಕೂ ಅದೇ. ಹೊತ್ತು ಮೂಡಿತು, ಹೊತ್ತೇರಿತು ಎನ್ನುವಾಗ ಸೂರ್ಯ. ಹೊತ್ತು ಹೋಗುವುದಿಲ್ಲ, ಎರಡು ಹೊತ್ತಿನ ಊಟ ಎನ್ನುವಾಗ ಸಮಯ. ಇಷ್ಟು ಒಳ್ಳೆಯ ಪದ ಇರುವಾಗ ನಮ್ಮ ಪಾಠಗಳು ಎಲ್ಲವನ್ನೂ ‘ಹಗಲು ಚಿಕ್ಕದು, ರಾತ್ರಿ ದೊಡ್ಡದು’ ಎಂಬ ಒಂದೇ ಮಾತಿಗೆ ಗಂಟುಹಾಕಿ ಮಕ್ಕಳ ಕಣ್ಣು ಕಂಡದ್ದನ್ನು ತಪ್ಪು ಎನಿಸುತ್ತವೆ ಎಂಬುದು ನನ್ನ ನೋವು.

ಜೂನ್ 21ರ ಬಗ್ಗೆಯೂ ಒಂದು ಮಾತು. ‘ಬೇಸಿಗೆಯ ಅತಿ ದೀರ್ಘ ಹಗಲು’ ಎಂಬ ವಾಕ್ಯ ನಮ್ಮ ಮಕ್ಕಳಿಗೆ ಒಗ್ಗುವುದಿಲ್ಲ. ಆಗ ಇಲ್ಲಿ ಮಳೆಗಾಲ. ಮಧ್ಯಾಹ್ನ ಮೂರಕ್ಕೇ ಅಡುಗೆಮನೆಯಲ್ಲಿ ದೀಪ ಹಾಕಿರುತ್ತೇವೆ. ವರ್ಷದ ಅತಿ ಉದ್ದದ ಹಗಲೇ ನಮಗೆ ಬಹುಪಾಲು ಕತ್ತಲೆಯದು. ಹಾಗಾಗಿ ಋತುವಿನ ಹೆಸರು ಸೇರಿಸದೆ ‘ಹಿರಿಹಗಲು’, ‘ಕಿರಿಹಗಲು’ ಎಂದರೆ ಹೇಗೆ? ಹಗಲಿರುಳು ಸಮವಾಗುವುದಕ್ಕೆ ‘ವಿಷುವ’ ಎಂಬ ಪದವಿದೆ ನಿಜ. ಆದರೆ ಇಲ್ಲಿ ವಿಷು ಎಂದರೆ ಏಪ್ರಿಲ್ 14ರ ಆಸುಪಾಸಿನ ಹಬ್ಬ. ಅದಕ್ಕೂ ಮಾರ್ಚ್ 20ಕ್ಕೂ ಮೂರು ವಾರಕ್ಕಿಂತ ಹೆಚ್ಚು ಅಂತರ. ಪಟದಲ್ಲಿ ‘ಸಮಹಗಲು’ ಎಂದು ಬರೆಸಿ ಮುಂದೆ ಹೋಗಿದ್ದೇನೆ.

ನಿಮ್ಮನ್ನು ಕೇಳುವುದು ಇಷ್ಟು. ಸೂರ್ಯ ಅತಿ ಬೇಗ ಮುಳುಗುವ ಆ ಕೆಲವು ದಿನಗಳಿಗೆ ನಿಮ್ಮ ಸೀಮೆಯಲ್ಲಿ ಬೇರೆ ಹೆಸರು, ಬೇರೆ ಮಾತು ಇದೆಯೇ? ‘ಹೊತ್ತು ಕಂತು’ ಕರಾವಳಿಯಲ್ಲೂ ಇದೆಯೆಂದು ಬಲ್ಲೆ. ಬಯಲುಸೀಮೆಯವರು, ಉತ್ತರ ಕರ್ನಾಟಕದವರು ಏನನ್ನುತ್ತೀರಿ? ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೆಯೇ ಬರೆದು ಕಳುಹಿಸಿ. ಪಟದಲ್ಲಿ ನವೆಂಬರಿನ ಪಕ್ಕದ ಜಾಗವನ್ನು ಇನ್ನೂ ಖಾಲಿ ಬಿಟ್ಟಿದ್ದೇವೆ.