ಅಗ್ರೋ (ಶತ್ರುಗಳ ಗಮನ) ಕಳೆದುಕೊಂಡರೆ ತಪ್ಪು ಟ್ಯಾಂಕ್‌ದಾ, ಮೇಜ್‌ದಾ?

ಹಿಂಜವಡಿ_ವಾರಿಯರ್
ಪುಣೆಯಲ್ಲಿ ನಾವು ಐದು ಜನ ಸೇರಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಅನ್ನೋ ಆನ್‌ಲೈನ್ ಗೇಮ್ ಆಡುತ್ತೇವೆ. ನಾನು ಟ್ಯಾಂಕ್, ಅಂದರೆ ಶತ್ರುಗಳನ್ನು ನನ್ನ ಮೇಲೆ ಎಳೆದುಕೊಂಡು ಏಟು ತಿನ್ನುವವನು. ತಲೆನೋವು ನಮ್ಮ ಮೇಜ್‌ದು, ದೂರ ನಿಂತು ಮಂತ್ರ ಹಾಕುವವನದು. ನಾನು ಹೋಗಿ ಒಂದೇಟು ಹಾಕುವಷ್ಟರಲ್ಲಿ ಅವನ ಫೈರ್‌ಬಾಲ್ ಬಿದ್ದಾಗಿರುತ್ತದೆ, ಮಾಬ್‌ಗಳು (ಗೇಮಿನ ಶತ್ರುಗಳು) ಅವನ ಕಡೆ ತಿರುಗುತ್ತವೆ, ನಾನು ಡಿಸ್ಕಾರ್ಡಿನಲ್ಲಿ "ಥಾಂಬ್ ರೇ, ಥಾಂಬ್" (ನಿಲ್ಲೋ, ನಿಲ್ಲು) ಅಂತ ಕೂಗುತ್ತಿರುವಾಗಲೇ ಅವನು ಮಲಗಿರುತ್ತಾನೆ. ಆಮೇಲೆ "ಹಿಡಿದಿಟ್ಟುಕೊಳ್ಳೋದು ನಿನ್ನ ಕೆಲಸ ಅಲ್ವಾ?" ಅಂತ ನನಗೇ ಬೈಗುಳ. ಮಾಬನ್ನು ನನ್ನ ಕಡೆ ತಿರುಗಿಸುವ ಟಾಂಟ್ ಒತ್ತಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಅವನ ಹಿಂದೆಯೇ ಓಡುತ್ತವೆ. ಯಾಕೆ?

ಡೊಂಬಿವಲಿ_ಲೋಕಲ್
ತಪ್ಪು ಮೇಜ್‌ದೇ ಗುರು. ಜಗಳ ಶುರುವಾಗುವಾಗ ವಾರಿಯರ್ ಕೈಯಲ್ಲಿ ರೇಜ್ (ಅವನ ವಿದ್ಯೆಗಳಿಗೆ ಬೇಕಾದ ಶಕ್ತಿ) ಇರುವುದಿಲ್ಲ. ಏಟು ಕೊಟ್ಟು, ಏಟು ತಿಂದು ಅದು ತುಂಬಬೇಕು. ಮೇಜ್‌ಗೆ ಮಾನಾ (ಮಂತ್ರಕ್ಕೆ ಬೇಕಾದ ಶಕ್ತಿ) ಮೊದಲೇ ತುಂಬಿರುತ್ತದೆ, ಅದಕ್ಕೇ ಅವನಿಗೆ ಅವಸರ.

ಟಾಂಟ್ ವಿಷಯ: ಅದು ನಿನ್ನ ಥ್ರೆಟ್ ಅನ್ನು (ಮಾಬ್ ಯಾರನ್ನು ಹೊಡೆಯಬೇಕು ಅಂತ ತೀರ್ಮಾನಿಸುವ ಲೆಕ್ಕ) ಅವನ ಮಟ್ಟಕ್ಕೆ ತರುತ್ತದೆ, ಅಷ್ಟೇ. ಸಾಮಾನ್ಯವಾಗಿ ದೂರ ನಿಂತವನು ನಿನಗಿಂತ 30% ಜಾಸ್ತಿ ದಾಟಿದರೆ ಮಾತ್ರ ಮಾಬ್ ತಿರುಗುತ್ತದೆ. ಆದರೆ ಅದು ಆಗಲೇ ಅವನ ಮೈಮೇಲೆ ಬಂದಿದ್ದರೆ 10% ಸಾಕು. ನೀನು ಟಾಂಟ್ ಹಾಕಿದ ಮೇಲೂ ಅವನು ಸುರಿಯುತ್ತಲೇ ಇದ್ದರೆ ಕಿತ್ತುಕೊಳ್ಳುವುದು ಸುಲಭ, ನಿನಗೆ ಇನ್ನೊಂದು ಟಾಂಟ್ ಸಿಗೋಕೆ 10 ಸೆಕೆಂಡ್ ಬೇಕು.

ವಾಸ್ಕೋ_ಪ್ರೀಸ್ಟ್
ಪೂರ್ತಿ ಮೇಜ್ ತಲೆಗೆ ಕಟ್ಟಬೇಡಿ. ಮೂರು ಮಾಬ್ ಬಂದಾಗ ಟ್ಯಾಂಕ್ ಒಂದನ್ನೇ ಕುಟ್ಟುತ್ತಾ ನಿಂತರೆ ಉಳಿದೆರಡನ್ನು ಯಾರು ನೋಡಬೇಕು? ಒಂದಕ್ಕೆ ಸ್ಕಲ್ ಗುರುತು ಹಾಕಿ, ಎಲ್ಲರೂ ಅದನ್ನೇ ಹೊಡೆಯಲಿ. ನೀವು ಟ್ಯಾಬ್ ಒತ್ತಿ ಉಳಿದವುಗಳಿಗೂ ಥ್ರೆಟ್ ತರುವ ಸಂಡರ್ ಏಟು ಒಂದೊಂದು ಹಾಕಿ. ನಾವು ಪ್ರೀಸ್ಟ್‌ಗಳು ಹೀಲ್ ಮಾಡಿದರೂ (ಗಾಯ ವಾಸಿಮಾಡಿದರೂ) ಥ್ರೆಟ್ ಬರುತ್ತದೆ ಸ್ವಾಮಿ, ನೀವು ಮುಟ್ಟದೆ ಬಿಟ್ಟ ಮಾಬ್ ನೇರ ನನ್ನ ಹತ್ತಿರ ಬರುತ್ತದೆ.

ಮೇಜ್‌ಗೆ ಒಂದೇ ಮಾತು ಹೇಳಿ: ಅಗ್ರೋ ಬಂದರೆ ಟ್ಯಾಂಕ್ ಕಡೆಗೆ ಓಡು. ನಮ್ಮ ಗುಂಪಿನವನು ಪ್ರತಿ ಸಲ ಹಿಂದಕ್ಕೆ ಓಡುತ್ತಾನೆ, ಹೋಗುತ್ತಾ ಫ್ರಾಸ್ಟ್ ನೋವಾ ಬೇರೆ. ಮಾಬ್ ಅಲ್ಲೇ ಕಾಲು ಕಟ್ಟಿಸಿಕೊಂಡು ನಿಲ್ಲುತ್ತದೆ, ಎದುರಿಗೆ ಕೈಗೆ ಸಿಗುವವಳು ನಾನು. ಟ್ಯಾಂಕ್ ಅಷ್ಟು ದೂರ ಓಡಿ ಬರುವ ಹೊತ್ತಿಗೆ ನನ್ನ ಕಥೆ ಮುಗಿದಿರುತ್ತದೆ.

ಮಾಟುಂಗಾ_ರೋಗ್
ಡ್ಯಾಮೇಜ್ ಮೀಟರ್ ನೋಡಿಕೊಂಡು ಆಡುವವನು ಅಂತ ಕಾಣುತ್ತದೆ. ಅವನಿಗೆ ಥ್ರೆಟ್ ಮೀಟರ್ ಹಾಕಿಸಿ, ಓಮೆನ್ ಸಾಕು. ನಮಗೆ ರೋಗ್‌ಗಳಿಗೆ ಥ್ರೆಟ್ ಇಳಿಸೋಕೆ ಫೇಂಟ್ ಇದೆ, ಹಂಟರ್‌ಗೆ ಫೇನ್ ಡೆತ್ ಇದೆ. ಮೇಜ್‌ಗೆ ಅಂಥ ಇನ್‌ವಿಸಿಬಿಲಿಟಿ ಬಂದದ್ದು 2007ರ ಬರ್ನಿಂಗ್ ಕ್ರುಸೇಡ್ ಎಕ್ಸ್‌ಪ್ಯಾನ್ಶನ್‌ನಲ್ಲಿ. ಕ್ಲಾಸಿಕ್‌ನಲ್ಲಿ ಅವನು ಕೈ ತಡೆಯಲೇಬೇಕು, ಬೇರೆ ದಾರಿ ಇಲ್ಲ.

ಅಂದಹಾಗೆ ನಿಮ್ಮ ಗುಂಪಿನಲ್ಲಿ ರೋಗ್ ಇದ್ದರೆ ಬಾಸ್ ಹಿಂದೆ ನಿಲ್ಲೋಕೆ ಹೇಳಿ. ಮುಂದೆ ನಿಂತು ಹೊಡೆದರೆ ಬಾಸ್ ಪ್ಯಾರಿ ಮಾಡುತ್ತದೆ (ಏಟು ತಡೆಯುತ್ತದೆ), ಅದರ ಮುಂದಿನ ಏಟು ಬೇಗ ಬೀಳುತ್ತದೆ. ಅದನ್ನು ತಿನ್ನುವವನು ನೀವೇ.

ಹಿಂಜವಡಿ_ವಾರಿಯರ್
ಓಹೋ, ಟಾಂಟ್ ಕಥೆ ಈಗ ತಿಳಿಯಿತು. ಇವತ್ತು ಸ್ಕಲ್ ಹಾಕಿ ನೋಡುತ್ತೇನೆ. ಇನ್ನೊಂದು, ನಮ್ಮ ಹೀಲರ್ ಮಾನಾಗೆ ನೀರು ಕುಡಿಯೋಕೆ ಕೂತರೆ ಅಷ್ಟರಲ್ಲಿ ನನ್ನ ರೇಜ್ ಇಳಿದುಹೋಗುತ್ತದೆ. ಕಾಯದೆ ಹೋಗಿಬಿಡಲಾ?

ವಾಸ್ಕೋ_ಪ್ರೀಸ್ಟ್
ಖಂಡಿತ ಬೇಡ! ಕಾಯಿರಿ. ಅವಳು ಎದ್ದ ಮೇಲೆ ಬ್ಲಡ್‌ರೇಜ್ ಒತ್ತಿ, 10 ರೇಜ್ ಕೂಡಲೇ ಸಿಗುತ್ತದೆ. ನಿಮ್ಮ ಹೆಲ್ತ್ ಸ್ವಲ್ಪ ಇಳಿಯುತ್ತದೆ, ಅದನ್ನು ನೋಡಿ ಹೀಲರ್ ಗೊಣಗುತ್ತಾಳೆ. ಗೊಣಗಲಿ ಬಿಡಿ, ನಾವು ಯಾವಾಗಲೂ ಗೊಣಗುತ್ತೇವೆ.