ಒಂದೇ ರೋಬೋಟ್, ಎರಡು ಯಂತ್ರ: ಸೆಲ್ ಕಚ್ಚಿಕೊಂಡು ನಿಲ್ಲದಂತೆ ಕೆಲಸದ ಕ್ರಮ ಬರೆಯುವುದು ಹೇಗೆ?

ಪ್ರಶ್ನೆ:
ನಮ್ಮ ಸೆಲ್‌ನಲ್ಲಿ (ರೋಬೋಟ್ ಮತ್ತು ಯಂತ್ರಗಳು ಸೇರಿ ಕೆಲಸ ಮಾಡುವ ಘಟಕ) ಒಂದೇ ಗ್ರಿಪ್ಪರ್ (ಪೀಸ್ ಹಿಡಿಯುವ ಕೈ) ಇರುವ ರೋಬೋಟ್. ಒಂದು ಪೀಸ್‌ಗೆ ಲೇತ್‌ನಲ್ಲಿ (ಪೀಸನ್ನು ತಿರುಗಿಸಿ ಕೊರೆಯುವ ಯಂತ್ರ) 48 ಸೆಕೆಂಡ್, ಆಮೇಲೆ ಮಿಲ್ಲಿಂಗ್‌ನಲ್ಲಿ (ತಿರುಗುವ ಹತಾರದಿಂದ ಕೊರೆಯುವ ಯಂತ್ರ) 62. ನಡುವೆ ಬಫರ್ (ಪೀಸ್ ತಾತ್ಕಾಲಿಕವಾಗಿ ಇಡುವ ಜಾಗ) ಇಲ್ಲ. ಟ್ರೇಯಿಂದ ಲೇತ್‌ಗೆ ಹಾಕಲು 8, ಲೇತ್‌ನಿಂದ ಮಿಲ್ಲಿಂಗ್‌ಗೆ 10, ಹೊರಗಿಡಲು 8 ಸೆಕೆಂಡ್. ಕೆಲವೊಮ್ಮೆ ರೋಬೋಟ್ ಹೊಸ ಪೀಸ್ ಹಿಡಿದು ಲೇತ್ ಮುಂದೆ ನಿಂತುಬಿಡುತ್ತದೆ. ಲೇತ್ ಒಳಗೆ ಮುಗಿದ ಪೀಸ್ ಕೂತಿರುತ್ತದೆ. ಅಲಾರಂ ಏನೂ ಬರುವುದಿಲ್ಲ. ಟೈಮರ್ ಹಾಕಿದರೆ ಸಾಕೆ? ಮುಂದೆ ಮಿಲ್ಲಿಂಗ್ ಮೊದಲು, ಲೇತ್ ಆಮೇಲೆ ಆಗಬೇಕಾದ ಇನ್ನೊಂದು ಬಗೆಯ ಪೀಸ್ ಕೂಡ ಇದೇ ಸೆಲ್‌ಗೆ ಬರಲಿದೆ.

ಉತ್ತರ 1:
ಟೈಮರ್ ಇದಕ್ಕೆ ಮದ್ದಲ್ಲ. ಇದು ಡೆಡ್‌ಲಾಕ್: ರೋಬೋಟ್‌ಗೆ ಖಾಲಿ ಲೇತ್ ಬೇಕು, ಲೇತ್‌ಗೆ ಖಾಲಿ ಕೈಯ ರೋಬೋಟ್ ಬೇಕು. ಎಷ್ಟು ಹೊತ್ತು ಕಾದರೂ ಎರಡೂ ಸಿಗುವುದಿಲ್ಲ.

ಪೆಟ್ರಿ ನೆಟ್ ಬಿಡಿಸಿ ನೋಡಿ: ಅದು ಸ್ಥಿತಿಗಳನ್ನು ‘ಪ್ಲೇಸ್’ ಎಂಬ ವೃತ್ತಗಳಾಗಿ, ಘಟನೆಗಳನ್ನು ‘ಟ್ರಾನ್ಸಿಷನ್’ ಎಂಬ ಗೆರೆಗಳಾಗಿ ತೋರಿಸುವ ಚಿತ್ರ; ಪ್ಲೇಸ್‌ನಲ್ಲಿ ಟೋಕನ್ (ಚುಕ್ಕೆ) ಇದ್ದರೆ ಆ ಸ್ಥಿತಿ ಇದೆ ಎಂದರ್ಥ. ‘ರೋಬೋಟ್ ಬಿಡುವು’, ‘ಲೇತ್ ಖಾಲಿ’, ‘ಮಿಲ್ಲಿಂಗ್ ಖಾಲಿ’ ಎಂಬ ಮೂರು ಪ್ಲೇಸ್, ಒಂದೊಂದರಲ್ಲೂ ಒಂದು ಟೋಕನ್. ಈಗಿನ ಕ್ರಮದಲ್ಲಿ ಪೀಸ್ ಎತ್ತುವ ಟ್ರಾನ್ಸಿಷನ್ ರೋಬೋಟ್ ಟೋಕನ್ ಒಂದನ್ನೇ ಕೇಳುತ್ತಿರಬೇಕು. ಅದು ‘ಲೇತ್ ಖಾಲಿ’ ಟೋಕನ್ನನ್ನೂ ಅದೇ ಕ್ಷಣಕ್ಕೆ ತೆಗೆದುಕೊಳ್ಳಲಿ. ತಲುಪುವ ಜಾಗ ಕಾದಿರಿಸದೆ ಗ್ರಿಪ್ಪರ್ ಮುಚ್ಚಬಾರದು. ಲೇತ್‌ನಿಂದ ತೆಗೆಯುವಾಗಲೂ ಹಾಗೆಯೇ, ಮೊದಲು ‘ಮಿಲ್ಲಿಂಗ್ ಖಾಲಿ’ ಸಿಗಬೇಕು.

ಉತ್ತರ 2:
ಇದು ಸರಿ, ಆದರೆ ವೇಗವನ್ನು ನಿರ್ಧರಿಸುವುದು ಸುತ್ತಿನ ಕ್ರಮ. ಬರಿಗೈ ಓಟವನ್ನು ಹೀಗೆ ಹಿಡಿಯೋಣ: ಮಿಲ್ಲಿಂಗ್‌ನಿಂದ ಟ್ರೇಗೆ 4, ಹೊರಗಿಡುವ ಜಾಗದಿಂದ ಲೇತ್‌ಗೆ 3, ಹೊರಗಿಡುವ ಜಾಗದಿಂದಲೇ ಟ್ರೇಗೆ 5. ಒಂದು ಪೀಸನ್ನು ಕೊನೆಮುಟ್ಟಿಸಿ ಮುಂದಿನದಕ್ಕೆ ಹೋದರೆ 8+48+10+62+8+5 = 141 ಸೆಕೆಂಡ್. ಹಿಂದಿನಿಂದ ಮುಂದಕ್ಕೆ ಬನ್ನಿ: ಮೊದಲು ಮಿಲ್ಲಿಂಗ್ ಖಾಲಿ ಮಾಡಿ, ಆಮೇಲೆ ಲೇತ್‌ನ ಪೀಸನ್ನು ಅಲ್ಲಿಗೆ ಸಾಗಿಸಿ, ಕೊನೆಗೆ ಲೇತ್‌ಗೆ ಹೊಸದು. ಆಗ 62+8+3+10 = 83 ಸೆಕೆಂಡ್. ಲೇತ್ 4+8+48 = 60ಕ್ಕೇ ಮುಗಿಯುವುದರಿಂದ ಯಾರನ್ನೂ ಕಾಯಿಸುವುದಿಲ್ಲ. ಗಂಟೆಗೆ 25ರ ಬದಲು 43 ಪೀಸ್.

ಪ್ರಶ್ನೆ ಕೇಳಿದವರು:
ಎದುರು ದಿಕ್ಕಿನ ಪೀಸ್ ಬಂದಾಗ?

ಉತ್ತರ 1:
ಲೇತ್‌ನಲ್ಲಿ ‘ಅ’ ಪೀಸ್ ಮಿಲ್ಲಿಂಗ್‌ಗಾಗಿ, ಮಿಲ್ಲಿಂಗ್‌ನಲ್ಲಿ ‘ಬ’ ಪೀಸ್ ಲೇತ್‌ಗಾಗಿ ಕಾಯುತ್ತವೆ. ಜಾಗ ಕಾದಿರಿಸುವ ನಿಯಮ ಇದನ್ನು ತಡೆಯುವುದಿಲ್ಲ. ಒಂದು ಟೋಕನ್ ಇರುವ ಕಾವಲು ಪ್ಲೇಸ್ ಸೇರಿಸಿ. ಮೊದಲ ಹಂತಕ್ಕೆ ಹೊರಡುವ ಪೀಸ್, ಯಾವುದೇ ಬಗೆಯದಾಗಲಿ, ಆ ಟೋಕನ್ ಪಡೆದೇ ಒಳಬರಲಿ. ಮೊದಲ ಯಂತ್ರ ಬಿಟ್ಟಾಗ ಹಿಂದಿರುಗಿಸಲಿ. ಸೆಲ್‌ನಲ್ಲಿ ಒಟ್ಟು ಒಂದೇ ಪೀಸ್ ಎಂದು ಕಟ್ಟಿಹಾಕುವ ಅಗತ್ಯವಿಲ್ಲ, ಹಾಗೆ ಮಾಡಿದರೆ 141ಕ್ಕೇ ಮರಳುತ್ತೀರಿ.

ಉತ್ತರ 3:
ಪಿಎಲ್‌ಸಿಯಲ್ಲಿ (ಸೆಲ್ ನಡೆಸುವ ನಿಯಂತ್ರಕ ಕಂಪ್ಯೂಟರ್) ಎಡವುವುದು ಟೋಕನ್ ಹಿಂದಿರುಗಿಸುವ ಗಳಿಗೆಯಲ್ಲಿ. ಗ್ರಿಪ್ಪರ್ ತೆರೆದ ತಕ್ಷಣ ‘ರೋಬೋಟ್ ಬಿಡುವು’ ಎಂದು ಬರೆಯಬೇಡಿ. ಚಕ್ (ಯಂತ್ರದೊಳಗೆ ಪೀಸ್ ಹಿಡಿಯುವ ಭಾಗ) ಬಿಗಿದ ಸಿಗ್ನಲ್ ಬಂದು, ತೋಳು ಬಾಗಿಲಿನಿಂದ ಪೂರ್ತಿ ಹೊರಬಂದ ಮೇಲೆ ಬರೆಯಿರಿ. ವಿದ್ಯುತ್ ಹೋಗಿ ಬಂದಾಗ ಮೆಮೊರಿಯಲ್ಲಿ ಉಳಿದ ಟೋಕನ್ನನ್ನು ನಂಬದೆ, ಚಕ್ ಮತ್ತು ಗ್ರಿಪ್ಪರ್ ಸೆನ್ಸರ್‌ಗಳೊಂದಿಗೆ ತಾಳೆ ನೋಡಿ. ಹೊಂದದಿದ್ದರೆ ಆಟೋ ಮೋಡ್ ಶುರುವಾಗಬಾರದು.

ರಿಜೆಕ್ಟ್ ದಾರಿಯನ್ನೂ ಮಾಡೆಲ್‌ನಲ್ಲಿ ಬಿಡಿಸಿ. ಲೇತ್‌ನಲ್ಲಿ ಅಳತೆ ತಪ್ಪಿದ ಪೀಸ್ ಮಿಲ್ಲಿಂಗ್ ಜಾಗವನ್ನು ಕಾದಿರಿಸಿಕೊಂಡೇ ರಿಜೆಕ್ಟ್ ಪೆಟ್ಟಿಗೆಗೆ ಹೋದರೆ ಆ ಟೋಕನ್ ವಾಪಸ್ ಬರುವುದೇ ಇಲ್ಲ. ಮಿಲ್ಲಿಂಗ್ ಖಾಲಿಯಿದ್ದರೂ ಸೆಲ್ ನಿಲ್ಲುತ್ತದೆ, ಆಗಲೂ ಅಲಾರಂ ಇರುವುದಿಲ್ಲ.