ಡ್ರೈ ಐಸ್‌ ಮಂಜು ಬೇಗನೆ ಸೊರಗುವುದೇಕೆ?

ಪ್ರಶ್ನೆ: ಡ್ರೈ ಐಸ್ (ಘನರೂಪದ ಇಂಗಾಲದ ಡೈಆಕ್ಸೈಡ್) ತುಂಡನ್ನು ಬೋಗುಣಿಯ ನೀರಿಗೆ ಹಾಕಿದಾಗ ಮೊದಲು ದಟ್ಟವಾಗಿ ಉಕ್ಕುವ ಬಿಳಿ ಮಂಜು, ತುಂಡು ಇನ್ನೂ ಉಳಿದಿರುವಾಗಲೇ ಕ್ಷೀಣಿಸಿಬಿಡುತ್ತದೆ. ಇದನ್ನು ಹೆಚ್ಚು ಹೊತ್ತು ಉಳಿಸುವುದು ಹೇಗೆ? ಮಕ್ಕಳು ಅದರೊಳಗೆ ಮುಖವಿಟ್ಟು ಆಡಬಹುದೇ?

ಉತ್ತರ 1: ಬಿಳಿಯಾಗಿ ಕಾಣುವುದು ಇಂಗಾಲದ ಡೈಆಕ್ಸೈಡ್ ಎಂದು ಅನೇಕರು ತಿಳಿದಿದ್ದಾರೆ, ಆದರೆ ಆ ಅನಿಲ ಕಣ್ಣಿಗೆ ಕಾಣುವಂಥದ್ದಲ್ಲ. ಡ್ರೈ ಐಸ್ ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವವಾಗದೆ ನೇರವಾಗಿ ಅನಿಲವಾಗುತ್ತದೆ. ಆ ಶೀತಲ ಅನಿಲ ನೀರಿನೊಳಗಿಂದ ಗುಳ್ಳೆಗಳಾಗಿ ಏಳುವಾಗ ಅದರೊಡನೆ ಬೆರೆತ ನೀರಿನ ಆವಿ ತಣಿದು ಅತಿ ಸಣ್ಣ ಹನಿಗಳಾಗುತ್ತದೆ. ನಾವು ನೋಡುವ ಮಂಜು ಆ ಹನಿಗಳೇ. ಹೀಗಾಗಿ ನೀರು ತಣಿದಂತೆಲ್ಲ ಆವಿಯೂ ಕಡಿಮೆಯಾಗುತ್ತದೆ, ಮಂಜೂ ಕಡಿಮೆಯಾಗುತ್ತದೆ. ಜೊತೆಗೆ ತುಂಡಿನ ಮೈಮೇಲೆ ನೀರು ಹೆಪ್ಪುಗಟ್ಟಿ, ಒಳಗೆ ಶಾಖ ತಲುಪದಂತೆ ಪದರ ಕಟ್ಟುತ್ತದೆ. ಬಿಸಿನೀರಿನಿಂದ ಆರಂಭಿಸಿ, ತಣಿದ ನೀರನ್ನು ಚೆಲ್ಲಿ ಮತ್ತೆ ಬಿಸಿನೀರು ಹಾಕುತ್ತಿದ್ದರೆ ಮಂಜು ಮತ್ತೆ ಉಕ್ಕುತ್ತದೆ.

ಉತ್ತರ 2: ಮುಖವಿಡುವುದು ಖಂಡಿತ ಬೇಡ. ಮಂಜು ನಿರಪಾಯಕಾರಿ ಹನಿಗಳೇ ಆದರೂ ಅದರೊಡನೆ ಹರಿಯುವ ಅದೃಶ್ಯ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ, ಮತ್ತು ಅಲ್ಲಿ ಕೂತಿರುವವರು ಪುಟ್ಟ ಮಕ್ಕಳು, ಸಾಕುಪ್ರಾಣಿಗಳು. ಒಂದು ಕಿಲೋ ಡ್ರೈ ಐಸ್‌ನಿಂದ 500 ಲೀಟರಿಗೂ ಹೆಚ್ಚು ಅನಿಲ ಹೊರಬರುತ್ತದೆ ಎಂಬುದನ್ನು ನೆನಪಿಟ್ಟು, ಕಿಟಕಿ ಬಾಗಿಲು ತೆರೆದಿರುವ ಕೋಣೆಯಲ್ಲಿ, ಮೇಜಿನ ಮೇಲೆ, ಸಣ್ಣ ತುಂಡುಗಳನ್ನಷ್ಟೇ ಬಳಸಿರಿ. ಮುಚ್ಚಳ ಬಿಗಿದ ಬಾಟಲಿಯಲ್ಲಿ ಅದನ್ನು ಎಂದಿಗೂ ಹಾಕಬಾರದು, ಏಕೆಂದರೆ ಒತ್ತಡ ಏರಿ ಬಾಟಲಿ ಸಿಡಿಯುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟಂತಾಗುವುದರಿಂದ ಇಕ್ಕಳ, ದಪ್ಪ ಕೈಗವಸು ಎರಡೂ ಇರಲಿ.

ಉತ್ತರ 3: ಮೇಲಿನ ಎಚ್ಚರಿಕೆಗಳನ್ನು ಪಾಲಿಸಿದ ಮೇಲೆ, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಸೊಗಸಾದ ಪ್ರಯೋಗವೆಂದರೆ ಮಂಜು ತುಂಬಿದ ಸಾಬೂನಿನ ಗುಳ್ಳೆ. ಬೋಗುಣಿಯ ಅಂಚಿಗೆ ಸಾಬೂನು ನೀರು ಸವರಿ, ಅದೇ ನೀರಿನಲ್ಲಿ ಅದ್ದಿದ ಬಟ್ಟೆಯ ಪಟ್ಟಿಯನ್ನು ಬಾಯಿಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ಎಳೆದರೆ ತೆಳು ಪೊರೆ ನಿಲ್ಲುತ್ತದೆ; ಒಳಗಿನ ಅನಿಲ ಅದನ್ನು ಉಬ್ಬಿಸುತ್ತಾ ಹೋಗಿ, ಕೊನೆಗೆ ಪೊರೆ ಒಡೆದಾಗ ಮಂಜು ಮೇಜಿನ ಮೇಲೆಲ್ಲ ಹರಡುತ್ತದೆ. ಬೋಗುಣಿ ಚಿಕ್ಕದಾಗಿದ್ದಷ್ಟೂ ಪೊರೆ ಕಟ್ಟುವುದು ಸುಲಭ. ಉಳಿದ ತುಂಡುಗಳನ್ನು ಸಿಂಕಿಗೆ ಹಾಕದೆ, ಮಕ್ಕಳ ಕೈಗೆಟುಕದ, ಗಾಳಿಯಾಡುವ ಜಾಗದಲ್ಲಿ ತಾವಾಗಿಯೇ ಆವಿಯಾಗಲು ಬಿಡಿ.